ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋರ್ಟಿನಿಂದ ಹುಟ್ಟಿದ ಊರು ಜೋನ್ಸ್‌ಬರೊ

ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವ ತುದಿಯಲ್ಲಿ, ಅಪಲ್ಯಾಚಿಯನ್ ಬೆಟ್ಟಸಾಲಿನ ಮಗ್ಗುಲಲ್ಲಿ, ಜೋನ್ಸ್‌ಬರೊ ಎಂಬ ಪುಟ್ಟ ಊರಿದೆ. ಈ ಊರಿನ ಕುರಿತು ಬೇರೆ ಬೇರೆ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಂದೆಡೆ ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗಳು ಜಾನ್ಸನ್ ಸಿಟಿಯಲ್ಲಿರುವ ಈಸ್ಟ್ ಟೆನೆಸ್ಸಿ ಸ್ಟೇಟ್ ಯೂನಿವರ್ಸಿಟಿಗೆ ಓದಲು ಹೋಗಿದ್ದಾಳೆ. ಅದು ದೊಡ್ಡ ನಗರವಾದರೂ ಆ ಕೌಂಟಿಯ ಕೇಂದ್ರಸ್ಥಳ ಪಕ್ಕದ ಜೋನ್ಸ್‌ಬರೊ ಎಂಬ ಸಣ್ಣ ಊರು ಎಂದು ಅವಳು ಬರೆದಿದ್ದಾಳೆ. ದೊಡ್ಡ ನಗರವನ್ನು ಬಿಟ್ಟು ಚಿಕ್ಕ ಊರಿಗೆ ಈ ಪಟ್ಟ ಏಕೆ?
– ಓದುಗರು, ಮೈಸೂರು

ಉತ್ತರ: ನ್ಯಾಯಾಲಯ, ಜಮೀನಿನ ನೋಂದಣಿ, ಮದುವೆಯ ಪರವಾನಗಿ, ತೆರಿಗೆ ವಸೂಲಿ ಮುಂತಾದ ಕೌಂಟಿಯ ಕೆಲಸಗಳು ನಡೆಯುವ ಊರನ್ನು ಅಮೆರಿಕದಲ್ಲಿ ಕೌಂಟಿ ಸೀಟ್ ಎನ್ನುತ್ತಾರೆ. ನಮ್ಮಲ್ಲಿ ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿಯ ಕಚೇರಿ ಮತ್ತು ಕೋರ್ಟು ಮೂರೂ ಇರುವ ಊರನ್ನು ನೆನೆದುಕೊಂಡರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಟೆನೆಸ್ಸಿಯಲ್ಲಿ ಅಂಥ 95 ಕೌಂಟಿಗಳಿವೆ. 2020ರ ಜನಗಣತಿಯಲ್ಲಿ ಜೋನ್ಸ್‌ಬರೊದ ಜನಸಂಖ್ಯೆ 6,000ವನ್ನೂ ಮುಟ್ಟಿರಲಿಲ್ಲ, ಜಾನ್ಸನ್ ಸಿಟಿಯದು 70,000 ದಾಟಿತ್ತು.

ಕಾರಣ ಹುಡುಕಲು ಇತಿಹಾಸದಲ್ಲಿ ಹಿಂದಕ್ಕೆ ಹೋಗಬೇಕು. 1777ರಲ್ಲಿ ಉತ್ತರ ಕೆರೊಲಿನಾದ ಶಾಸನಸಭೆ ಬೆಟ್ಟಗಳ ಆಚೆಗಿನ ತನ್ನ ಪ್ರದೇಶಕ್ಕೆ ವಾಷಿಂಗ್ಟನ್ ಕೌಂಟಿ ಎಂದು ಹೆಸರಿಟ್ಟಿತು. ಜಾರ್ಜ್ ವಾಷಿಂಗ್ಟನ್ ಆಗಿನ್ನೂ ಸೇನಾಪತಿ, ಅಧ್ಯಕ್ಷರಾಗಲು ಹನ್ನೆರಡು ವರ್ಷಗಳು ಬಾಕಿಯಿದ್ದವು. ಇಂದಿನ ಟೆನೆಸ್ಸಿ ರಾಜ್ಯದ ಬಹುತೇಕ ಭೂಭಾಗ ಆಗ ಆ ಒಂದೇ ಕೌಂಟಿಯೊಳಗಿತ್ತು. ಅಷ್ಟು ವಿಸ್ತಾರವಾದ ಕೌಂಟಿಯ ನ್ಯಾಯಾಲಯಕ್ಕೆ ಒಂದು ನೆಲೆ ಬೇಕಾಗಿ, 1779ರಲ್ಲಿ ಕಾಡಿನ ನಡುವೆ ನಿವೇಶನಗಳನ್ನು ಗುರುತಿಸಿ ಜೋನ್ಸ್‌ಬರೊವನ್ನು ಸ್ಥಾಪಿಸಲಾಯಿತು. ಇಲ್ಲಿ ಮೊದಲು ಊರು ಬೆಳೆದು ಆಮೇಲೆ ಕೋರ್ಟು ಬಂದದ್ದಲ್ಲ. ಕೋರ್ಟಿಗಾಗಿಯೇ ಊರು ಹುಟ್ಟಿತು. ಈ ಊರಿನ ಕುರಿತು ಮುಂದೆ ಹೇಳುವ ಬಹುತೇಕ ಸಂಗತಿಗಳ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಬೆಟ್ಟದಾಚೆಯ ವಲಸಿಗರ ಪರವಾಗಿದ್ದ ಉತ್ತರ ಕೆರೊಲಿನಾದ ರಾಜಕಾರಣಿಯೊಬ್ಬರ ಹೆಸರನ್ನು ಊರಿಗೆ ಇಡಲಾಯಿತು. ಅವರ ಹೆಸರನ್ನು ವಿಲ್ಲಿ ಜೋನ್ಸ್ ಎಂದು ಬರೆದರೂ ವೈಲಿ ಎಂದೇ ಉಚ್ಚರಿಸುತ್ತಿದ್ದರು. ನಿವೇಶನ ಪಡೆದವರು ಇಟ್ಟಿಗೆ, ಕಲ್ಲು ಅಥವಾ ಒಳ್ಳೆಯ ಮರದ ಚೌಕಟ್ಟಿನಿಂದ ಕನಿಷ್ಠ 20 ಅಡಿ ಉದ್ದ, 16 ಅಡಿ ಅಗಲದ, ಇಟ್ಟಿಗೆಯ ಅಥವಾ ಕಲ್ಲಿನ ಹೊಗೆಗೂಡಿರುವ ಮನೆಯನ್ನು ಕಟ್ಟಲೇಬೇಕೆಂದು ಕಾಯಿದೆ ಕಟ್ಟುನಿಟ್ಟಾಗಿ ಹೇಳಿತ್ತು. ಕಾಡುಮೇಡಿನ ಗಡಿಯಲ್ಲಿ, ಬಹುಪಾಲು ಜನ ಒರಟು ಗುಡಿಸಲುಗಳಲ್ಲಿ ಬದುಕುತ್ತಿದ್ದ ಕಾಲದಲ್ಲಿ, ಇಂಥ ನಿಯಮವನ್ನು ಬರೆದವರ ದೂರದೃಷ್ಟಿಯನ್ನು ಮೆಚ್ಚದೆ ಇರಲಾಗದು.

ಇನ್ನು ಜಾನ್ಸನ್ ಸಿಟಿಯ ವಿಚಾರ. 1850ರ ದಶಕದಲ್ಲಿ ಈಸ್ಟ್ ಟೆನೆಸ್ಸಿ ಆ್ಯಂಡ್ ವರ್ಜೀನಿಯಾ ರೈಲುಮಾರ್ಗ ಬಂದಾಗ ದಾರಿಯಲ್ಲಿ ಹುಟ್ಟಿಕೊಂಡ ಸಣ್ಣ ನಿಲ್ದಾಣವೇ ಮುಂದೆ ಆ ನಗರವಾಯಿತು. ಬೇರೆ ರೈಲುಮಾರ್ಗಗಳೂ ಅಲ್ಲಿಯೇ ಕೂಡಿದ್ದರಿಂದ ವ್ಯಾಪಾರ, ಕಾರ್ಖಾನೆ, ಜನ ಎಲ್ಲವೂ ಆ ಕಡೆಗೆ ಹರಿದವು. ಕೌಂಟಿಯ ಕೇಂದ್ರ ಮಾತ್ರ ಹಳೆಯ ಊರಿನಲ್ಲಿಯೇ ಉಳಿಯಿತು. ಇಂದು ಮುಖ್ಯಬೀದಿಯಲ್ಲಿ ಕಾಣುವ ನ್ಯಾಯಾಲಯದ ಕಟ್ಟಡ 1913ರದು.

ಪ್ರಶ್ನೆ: ಜೋನ್ಸ್‌ಬರೊ ಒಮ್ಮೆ ಫ್ರಾಂಕ್ಲಿನ್ ಎಂಬ ರಾಜ್ಯದ ರಾಜಧಾನಿಯಾಗಿತ್ತು ಎಂದು ಓದಿದೆ. ಅಮೆರಿಕದ ಭೂಪಟದಲ್ಲಿ ಅಂಥ ರಾಜ್ಯವೇ ಇಲ್ಲವಲ್ಲ?
– ಕಾನೂನು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಭೂಪಟದಲ್ಲಿ ಇಲ್ಲ, ಆದರೆ ಸುಮಾರು ನಾಲ್ಕು ವರ್ಷ ನೆಲದ ಮೇಲೆ ಇತ್ತು. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ, 1784ರಲ್ಲಿ, ಉತ್ತರ ಕೆರೊಲಿನಾ ಬೆಟ್ಟದಾಚೆಯ ತನ್ನ ನೆಲವನ್ನು ಕೇಂದ್ರದ ಕಾಂಗ್ರೆಸ್ಸಿಗೆ ಬಿಟ್ಟುಕೊಡಲು ತೀರ್ಮಾನಿಸಿತು. ತಮ್ಮನ್ನು ನಡುನೀರಿನಲ್ಲಿ ಕೈಬಿಟ್ಟರೆಂದು ಭಾವಿಸಿದ ಅಲ್ಲಿಯ ಮೂರು ಕೌಂಟಿಗಳ ಪ್ರತಿನಿಧಿಗಳು ಅದೇ ವರ್ಷದ ಆಗಸ್ಟ್‌ನಲ್ಲಿ ಜೋನ್ಸ್‌ಬರೊದಲ್ಲಿ ಸೇರಿ ಸ್ವತಂತ್ರ ರಾಜ್ಯವನ್ನು ಘೋಷಿಸಿದರು. ಡಿಸೆಂಬರ್‌ನಲ್ಲಿ ಮತ್ತೆ ಸೇರಿ ಸಂವಿಧಾನದ ಕರಡನ್ನು ರಚಿಸುವ ಹೊತ್ತಿಗೆ ಉತ್ತರ ಕೆರೊಲಿನಾ ಮನಸ್ಸು ಬದಲಿಸಿ ನೆಲವನ್ನು ಹಿಂದಕ್ಕೆ ಕೇಳಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಅವರ ಗೌರವಾರ್ಥ ಹೊಸ ರಾಜ್ಯಕ್ಕೆ ಆ ಹೆಸರು ಬಂತು. 1785ರಲ್ಲಿ ಜಾನ್ ಸೆವಿಯರ್ ಗವರ್ನರ್ ಆದರು. ಅದೇ ವರ್ಷ ಕಾಂಗ್ರೆಸ್ಸಿನಲ್ಲಿ ಮಾನ್ಯತೆಯ ಪ್ರಶ್ನೆ ಬಂದಾಗ ಏಳು ರಾಜ್ಯಗಳು ಪರವಾಗಿ ನಿಂತವು, ಬೇಕಾಗಿದ್ದದ್ದು ಒಂಬತ್ತು. ಬಳಿಕ ರಾಜಧಾನಿ ಹತ್ತಿರದ ಗ್ರೀನ್‌ವಿಲ್‌ಗೆ ಹೋಯಿತು. ನಗದು ನಾಣ್ಯ ಅಪರೂಪವಾಗಿದ್ದ ಆ ನಾಡಿನಲ್ಲಿ ತೆರಿಗೆಯನ್ನು ಜಿಂಕೆಯ ಚರ್ಮ, ಜೇನುಮೇಣ, ಕೊಬ್ಬು ಮುಂತಾದ ವಸ್ತುಗಳ ರೂಪದಲ್ಲಿಯೂ ಸಲ್ಲಿಸಬಹುದಾಗಿತ್ತು.

ಕಾನೂನು ಓದುತ್ತಿರುವ ತಮಗೆ ಮುಂದಿನ ಭಾಗ ಹೆಚ್ಚು ಉಪಯುಕ್ತವಾದೀತು. ಒಂದೇ ನೆಲದ ಮೇಲೆ ಎರಡು ಸರ್ಕಾರಗಳ ಎರಡು ನ್ಯಾಯಾಲಯಗಳು ಕಲಾಪ ನಡೆಸತೊಡಗಿದವು. ಉತ್ತರ ಕೆರೊಲಿನಾದ ಪರವಾಗಿದ್ದ ಕರ್ನಲ್ ಜಾನ್ ಟಿಪ್ಟನ್‌ರ ಕಡೆಯವರು ಜೋನ್ಸ್‌ಬರೊದ ಕೋರ್ಟಿಗೆ ನುಗ್ಗಿ ದಾಖಲೆಗಳನ್ನು ಹೊತ್ತೊಯ್ದರು. ಸೆವಿಯರ್ ಕಡೆಯವರು ಅದಕ್ಕೆ ತಕ್ಕ ಉತ್ತರ ಕೊಟ್ಟರು. ಯಾವ ಕೋರ್ಟಿನ ತೀರ್ಪು ನಡೆಯುತ್ತದೆ, ಯಾವ ಗುಮಾಸ್ತ ಕೊಟ್ಟ ಪರವಾನಗಿಯಿಂದಾದ ಮದುವೆ ಊರ್ಜಿತ ಎಂಬುದು ಜನರಿಗೆ ತಿಳಿಯದಾಯಿತು. ಯಾರ ಬಳಿ ಕೋರ್ಟಿನ ಪುಸ್ತಕಗಳಿವೆಯೋ ಅವರದೇ ರಾಜ್ಯ ಎನ್ನುವಂಥ ಸ್ಥಿತಿ ಅದು. 1788ರ ಫೆಬ್ರವರಿಯಲ್ಲಿ, ತೆರಿಗೆಯ ಬಾಕಿಗೆಂದು ಸೆವಿಯರ್ ಅವರ ಗುಲಾಮರನ್ನು ಜಪ್ತಿ ಮಾಡಿ ಟಿಪ್ಟನ್‌ರ ಹೊಲಮನೆಗೆ ಒಯ್ದದ್ದೇ ನೆಪವಾಗಿ, ಹಿಮ ಬೀಳುತ್ತಿರುವಾಗ ಎರಡೂ ಕಡೆಯವರ ನಡುವೆ ಗುಂಡು ಹಾರಿತು. ಸೆವಿಯರ್ ಸೋತರು, ಆ ವರ್ಷವೇ ರಾಜ್ಯವೂ ಕರಗಿಹೋಯಿತು. ಅಕ್ಟೋಬರ್‌ನಲ್ಲಿ ಬಂಧಿತರಾಗಿ ಬೆಟ್ಟದಾಚೆಗೆ ಒಯ್ಯಲ್ಪಟ್ಟ ಅದೇ ಸೆವಿಯರ್, 1796ರಲ್ಲಿ ಟೆನೆಸ್ಸಿ ರಾಜ್ಯವಾದಾಗ ಅದರ ಮೊದಲ ಗವರ್ನರ್ ಆದರು.

ಪ್ರಶ್ನೆ: ಅಲ್ಲಿಯ ಮೂಲನಿವಾಸಿಗಳ ಕತೆ ಏನಾಯಿತು?
– ಓದುಗರು, ಮಡಿಕೇರಿ

ಉತ್ತರ: ಆ ನೆಲ ಚೆರೋಕಿ ಜನರದು. ಊರಿನ ದಕ್ಷಿಣಕ್ಕೆ ಹರಿಯುವ ನೊಲಿಚಕಿ ಹೊಳೆಯ ಹೆಸರಿನಲ್ಲಿ ಅವರ ಮಾತು ಇನ್ನೂ ಉಳಿದಿದೆ. ಬ್ರಿಟಿಷ್ ಅರಸರ 1763ರ ಆಜ್ಞೆ ಬೆಟ್ಟದಾಚೆ ನೆಲೆಸುವುದನ್ನು ನಿಷೇಧಿಸಿದ್ದರೂ ವಲಸಿಗರು ಬಂದರು. ಮೊದಲು ಗುತ್ತಿಗೆ, ಆಮೇಲೆ ಕ್ರಯ, ಕೊನೆಗೆ ಯುದ್ಧ ಮತ್ತು ಒಪ್ಪಂದಗಳ ಮೂಲಕ ನೆಲ ಕೈಬದಲಾಯಿತು. ಜೋನ್ಸ್‌ಬರೊದಲ್ಲಿ ವಕೀಲಿಕೆ ನಡೆಸಿದ್ದ ಆ್ಯಂಡ್ರೂ ಜಾಕ್ಸನ್ ಅಧ್ಯಕ್ಷರಾಗಿ 1830ರಲ್ಲಿ ಸಹಿ ಹಾಕಿದ ಕಾಯಿದೆಯ ಫಲವಾಗಿ, 1838ರಲ್ಲಿ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಬೆಟ್ಟಗಳಲ್ಲಿ ಉಳಿದುಕೊಂಡವರ ವಂಶಸ್ಥರು ಇಂದು ಉತ್ತರ ಕೆರೊಲಿನಾದ ಚೆರೋಕಿ ಪಟ್ಟಣದ ಸುತ್ತ ಬದುಕುತ್ತಿದ್ದಾರೆ. ಜೋನ್ಸ್‌ಬರೊಗೆ ಹೋಗುವವರು ಅವಕಾಶ ಮಾಡಿಕೊಂಡು ಅಲ್ಲಿಗೂ ಹೋಗಬೇಕು.

ಪ್ರಶ್ನೆ: ಗುಲಾಮಗಿರಿಯನ್ನು ವಿರೋಧಿಸುವುದಕ್ಕೆಂದೇ ಹೊರಟ ಅಮೆರಿಕದ ಮೊದಲ ಪತ್ರಿಕೆ ಈ ಊರಿನಲ್ಲಿ ಅಚ್ಚಾಯಿತು ಎನ್ನುತ್ತಾರೆ. ದಕ್ಷಿಣದ ರಾಜ್ಯವೊಂದರಲ್ಲಿ ಇದು ಹೇಗೆ ಸಾಧ್ಯವಾಯಿತು? ಆ ಪತ್ರಿಕೆಯ ಗತಿ ಏನಾಯಿತು?
– ನಿವೃತ್ತ ಪತ್ರಕರ್ತರು, ಉಡುಪಿ

ಉತ್ತರ: ಬಂದ ಪ್ರಶ್ನೆಗಳಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಇದು, ಆದ್ದರಿಂದ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಪೂರ್ವ ಟೆನೆಸ್ಸಿ ಬೆಟ್ಟಗುಡ್ಡಗಳ ನಾಡು. ದಕ್ಷಿಣದ ಬಯಲುಗಳಲ್ಲಿದ್ದಂತೆ ನೂರಾರು ಗುಲಾಮರನ್ನು ದುಡಿಸುವ ಹತ್ತಿಯ ತೋಟಗಳಿಗೆ ಅಲ್ಲಿ ಜಾಗವಿರಲಿಲ್ಲ. ಬಹುಪಾಲು ಜನ ಸಣ್ಣ ಹಿಡುವಳಿದಾರರು. ಅವರ ನಡುವೆ, ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವುದು ಪಾಪವೆಂದು ನಂಬಿದ್ದ ಕ್ವೇಕರ್ ಪಂಥದವರೂ ನೆಲೆಸಿದ್ದರು. 1782ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಎಲಿಹು ಎಂಬ್ರೀ ಅಂಥ ಮನೆತನದವರು. ವೃತ್ತಿಯಿಂದ ಕಬ್ಬಿಣ ಕಾಯಿಸುವ ಉದ್ಯಮಿ. ಅವರು 1819ರಲ್ಲಿ ಜೋನ್ಸ್‌ಬರೊದಿಂದ ‘ಮ್ಯಾನ್ಯುಮಿಷನ್ ಇಂಟೆಲಿಜೆನ್ಸರ್’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. 1820ರ ಏಪ್ರಿಲ್‌ನಲ್ಲಿ ‘ದಿ ಎಮ್ಯಾನ್ಸಿಪೇಟರ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಚಂದಾ ವರ್ಷಕ್ಕೆ ಒಂದು ಡಾಲರ್. ಅಚ್ಚು ಹಾಕಿದವರು ಅದೇ ಊರಿನ ಮುದ್ರಕ ಜೇಕಬ್ ಹಾವರ್ಡ್. ಒಹಾಯೊದಲ್ಲಿ 1817ರಿಂದ ಹೊರಡುತ್ತಿದ್ದ ‘ಫಿಲಾಂತ್ರಪಿಸ್ಟ್’ ಕೂಡ ಗುಲಾಮಗಿರಿಯನ್ನು ಖಂಡಿಸುತ್ತಿತ್ತು. ಆದರೆ ಅದರಲ್ಲಿ ಬೇರೆ ವಿಷಯಗಳಿಗೂ ಸ್ಥಳವಿತ್ತು. ಇದೊಂದೇ ಉದ್ದೇಶಕ್ಕೆ ಮೀಸಲಾಗಿದ್ದ ಮೊದಲ ಪತ್ರಿಕೆಗಳೆಂಬ ಮನ್ನಣೆ ಎಂಬ್ರೀಯವರ ಪತ್ರಿಕೆಗಳಿಗೆ ಸಲ್ಲುವುದು ಈ ಕಾರಣದಿಂದ.

ಎಂಬ್ರೀಯವರ ಬದುಕಿನ ಒಂದು ಸಂಗತಿಯನ್ನು ಮರೆಮಾಚಬಾರದು, ಅವರೂ ಮರೆಮಾಚಿರಲಿಲ್ಲ. ಅವರು ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು, ಅದಕ್ಕಾಗಿ ಮನಸ್ಸಿನಲ್ಲಿ ಬೆಂದವರು. ಪತ್ರಿಕೆಗೆ ಆ ತೀಕ್ಷ್ಣತೆ ಬಂದದ್ದು ಆ ಬೇಗೆಯಿಂದಲೇ ಎಂದು ನನಗೆ ತೋರುತ್ತದೆ. ‘ಎಮ್ಯಾನ್ಸಿಪೇಟರ್’ ಏಳು ಸಂಚಿಕೆಗಳಿಗೆ ನಿಂತುಹೋಯಿತು. ಅಕ್ಟೋಬರ್ ಸಂಚಿಕೆಯ ಬಳಿಕ, 1820ರ ಡಿಸೆಂಬರ್‌ನಲ್ಲಿ, ಎಂಬ್ರೀ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಬೆಂಜಮಿನ್ ಲಂಡಿ ತಮ್ಮ ವಿಮೋಚನಾ ಪತ್ರಿಕೆಯನ್ನು 1822ರಲ್ಲಿ ಒಹಾಯೊದಿಂದ ಗ್ರೀನ್‌ವಿಲ್‌ಗೆ ತಂದು ಆ ಕೆಲಸವನ್ನು ಮುಂದುವರಿಸಿದರು. ಅದೇ ಲಂಡಿಯವರ ಜೊತೆಗೆ ಮುಂದೆ ಬಾಲ್ಟಿಮೋರ್‌ನಲ್ಲಿ ಕೆಲಸ ಮಾಡಿದ ವಿಲಿಯಂ ಲಾಯ್ಡ್ ಗ್ಯಾರಿಸನ್ ಇಡೀ ದೇಶವನ್ನು ಎಚ್ಚರಿಸಿದ ಹೋರಾಟಗಾರರಾದರು.

ಇದನ್ನು ಕೇಳಿ ಜೋನ್ಸ್‌ಬರೊ ವಿಮೋಚನೆಯ ಊರು ಎಂದಷ್ಟೇ ತಿಳಿದರೆ ಅರ್ಧ ಸತ್ಯವಾಗುತ್ತದೆ. 1788ರ ವಸಂತದಲ್ಲಿ 21 ವರ್ಷದ ಜಾಕ್ಸನ್ ಇಲ್ಲಿಗೆ ಬಂದು ವಕೀಲರಾಗಿ ನೋಂದಾಯಿಸಿಕೊಂಡರು. ಆಗಸ್ಟ್‌ನಲ್ಲಿ, ಕೋರ್ಟಿನಲ್ಲಾದ ಮಾತಿನ ಚಕಮಕಿಯಿಂದ ನೊಂದು, ಹಿರಿಯ ವಕೀಲ ವೇಟ್‌ಸ್ಟಿಲ್ ಏವರಿಯವರನ್ನು ಪಿಸ್ತೂಲಿನ ದ್ವಂದ್ವಕ್ಕೆ ಕರೆದರು. ಇಬ್ಬರೂ ಆಕಾಶಕ್ಕೆ ಗುಂಡು ಹಾರಿಸಿ ಕೈಕುಲುಕಿದರು. ಪ್ರವಾಸಿಗರಿಗೆ ಎಲ್ಲರೂ ಹೇಳುವ ಕತೆ ಇದು. ಆದರೆ ಅದೇ 1788ರಲ್ಲಿ, ಸುಮಾರು 18–20 ವರ್ಷದ ನ್ಯಾನ್ಸಿ ಎಂಬ ಕಪ್ಪು ಹೆಣ್ಣುಮಗಳನ್ನು ಜಾಕ್ಸನ್ ಕೊಂಡ ಕ್ರಯಪತ್ರವೂ ಇದೇ ಕೌಂಟಿಯ ಕೋರ್ಟಿನಲ್ಲಿ ದಾಖಲಾಯಿತು. ಜಮೀನಿನ ಕ್ರಯವನ್ನು ಬರೆದ ಲೇಖನಿಯೇ ಒಬ್ಬ ಹೆಂಗಸಿನ ಕ್ರಯವನ್ನೂ ಬರೆಯಿತು. ಮೂವತ್ತೆರಡು ವರ್ಷಗಳ ಬಳಿಕ ಎಂಬ್ರೀ ಅದೇ ಊರಿನಲ್ಲಿ ಕುಳಿತು ಬರೆದದ್ದು ಇಂಥ ಕಾಗದಗಳ ವಿರುದ್ಧ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅವರ ಧೈರ್ಯದ ಅಳತೆ ಸಿಗುತ್ತದೆ.

ತಾವು ಪತ್ರಕರ್ತರಾಗಿದ್ದವರಾದ್ದರಿಂದ ಇನ್ನೊಂದು ಮಾತು. 1840ರಿಂದ 1849ರವರೆಗೆ ವಿಲಿಯಂ ಬ್ರೌನ್ಲೊ ಎಂಬ ಮೆಥಡಿಸ್ಟ್ ಪಾದ್ರಿ ಇಲ್ಲಿಂದ ‘ವಿಗ್’ ಪತ್ರಿಕೆಯನ್ನು ನಡೆಸಿದರು. ಎದುರಾಳಿ ಪತ್ರಿಕೆಯ ಸಂಪಾದಕ ಲ್ಯಾಂಡನ್ ಕಾರ್ಟರ್ ಹೇನ್ಸ್. 1840ರಲ್ಲಿ ಬ್ರೌನ್ಲೊ ಬೀದಿಯಲ್ಲಿ ಬೆತ್ತ ಬೀಸಿದಾಗ ಹೇನ್ಸ್ ಹಾರಿಸಿದ ಗುಂಡು ಅವರ ತೊಡೆಗೆ ಹೊಕ್ಕಿತು. ಅಂತರ್ಯುದ್ಧದಲ್ಲಿ ಬ್ರೌನ್ಲೊ ಒಕ್ಕೂಟದ ಪರ ನಿಂತು 1865ರಲ್ಲಿ ಟೆನೆಸ್ಸಿಯ ಗವರ್ನರ್ ಆದರು, ಹೇನ್ಸ್ ದಕ್ಷಿಣದವರ ಸೆನೆಟಿನಲ್ಲಿ ಕುಳಿತರು. ಆದರೂ ಬ್ರೌನ್ಲೊ ಯುದ್ಧಕ್ಕೆ ಮೊದಲು ಗುಲಾಮಗಿರಿಯನ್ನು ಸಮರ್ಥಿಸಿದ್ದವರು. ಇಪ್ಪತ್ತೇ ವರ್ಷಗಳಲ್ಲಿ ಎಂಬ್ರೀಯವರ ದನಿ ಆ ಊರಿನ ಅಚ್ಚಿನಮನೆಗಳಿಂದ ಎಷ್ಟು ದೂರವಾಗಿತ್ತು ಎಂಬುದನ್ನು ಇದು ತೋರಿಸುತ್ತದೆ.

ಪ್ರಶ್ನೆ: ಕತೆ ಹೇಳುವುದಕ್ಕೆಂದೇ ಈ ಊರಿನಲ್ಲಿ ಪ್ರತಿವರ್ಷ ರಾಷ್ಟ್ರೀಯ ಉತ್ಸವ ನಡೆಯುತ್ತದೆಯಂತೆ. ಅದು ಹೇಗೆ ಆರಂಭವಾಯಿತು?
– ಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಅದನ್ನು ಆರಂಭಿಸಿದವರೂ ತಮ್ಮಂತೆ ಶಿಕ್ಷಕರೇ. 1960ರ ದಶಕದ ಹೊತ್ತಿಗೆ ಜೋನ್ಸ್‌ಬರೊ ಸೊರಗಿತ್ತು. ವ್ಯಾಪಾರ ಜಾನ್ಸನ್ ಸಿಟಿಯ ಪಾಲಾಗಿತ್ತು. ಹಳೆಯ ಕಟ್ಟಡಗಳನ್ನು ಕೆಡವುವ ಬದಲು ಉಳಿಸಿಕೊಳ್ಳುವುದೇ ದಾರಿ ಎಂದು ಊರಿನವರು ತೀರ್ಮಾನಿಸಿದರು. 1969ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಮುಖ್ಯಬೀದಿಯ ವಿದ್ಯುತ್ ತಂತಿಗಳನ್ನು ನೆಲದೊಳಗೆ ಹಾಕಿ, ಮನೆಗಳ ಮುಖಗಳನ್ನು ಹಳೆಯ ರೂಪಕ್ಕೆ ತರುವ ಕೆಲಸ ಶುರುವಾಯಿತು.

ಆ ದಿನಗಳಲ್ಲಿ ಜಿಮ್ಮಿ ನೀಲ್ ಸ್ಮಿತ್ ಎಂಬ ಪ್ರೌಢಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳೊಂದಿಗೆ ಕಾರಿನಲ್ಲಿ ಹೋಗುತ್ತಿರುವಾಗ, ಮಿಸಿಸಿಪ್ಪಿಯ ಜೆರ್ರಿ ಕ್ಲವರ್ ಹೇಳುತ್ತಿದ್ದ ಬೇಟೆಯ ಕತೆ ರೇಡಿಯೊದಲ್ಲಿ ಬಂತು. ಇಂಥವರನ್ನು ನಮ್ಮ ಊರಿಗೇ ಕರೆಸಿದರೆ ಹೇಗೆ ಎಂಬ ಯೋಚನೆ ಸ್ಮಿತ್ ಅವರಿಗೆ ಹೊಳೆಯಿತು. 1973ರ ಅಕ್ಟೋಬರ್‌ನಲ್ಲಿ ಕೋರ್ಟಿನ ಮುಂದೆ ಹುಲ್ಲು ಸಾಗಿಸುವ ಗಾಡಿಯೊಂದನ್ನು ನಿಲ್ಲಿಸಿ, ಅದನ್ನೇ ವೇದಿಕೆಯಾಗಿಸಿ ಕತೆ ಹೇಳಿಸಿದರು. ಕೇಳಲು ಬಂದವರು ಸುಮಾರು 60 ಜನ. ಇಂದು ಅಕ್ಟೋಬರ್‌ನ ಮೊದಲ ವಾರಾಂತ್ಯದಲ್ಲಿ ಊರಿನ ತುಂಬ ದೊಡ್ಡ ಡೇರೆಗಳು ಏಳುತ್ತವೆ, ಊರಿನ ಜನಸಂಖ್ಯೆಗಿಂತ ಹೆಚ್ಚು ಕೇಳುಗರು ಸೇರುತ್ತಾರೆ.

ಅಪಲ್ಯಾಚಿಯನ್ ಬೆಟ್ಟಗಳಲ್ಲಿ ‘ಜ್ಯಾಕ್ ಕತೆ’ಗಳೆಂಬ ಹಳೆಯ ಸಂಪ್ರದಾಯವಿದೆ. ಬಡವರ ಮನೆಯ ಕಿರಿಮಗ ಜ್ಯಾಕ್ ದೈತ್ಯರನ್ನೂ ಅರಸರನ್ನೂ ತನ್ನ ಬುದ್ಧಿಯಿಂದ ಗೆಲ್ಲುವ ಕತೆಗಳು ಅವು. ಬ್ರಿಟಿಷ್ ದ್ವೀಪಗಳಿಂದ ಬಂದ ವಲಸಿಗರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದವು. ನಮ್ಮ ಅಜ್ಜಿಕತೆಗಳ ಕಿರಿಯ ರಾಜಕುಮಾರನನ್ನು ಬಲ್ಲ ತಮ್ಮ ಮಕ್ಕಳಿಗೆ ಜ್ಯಾಕ್ ಹೊಸಬನೆನಿಸಲಾರ. ಉತ್ತರ ಕೆರೊಲಿನಾದ ಬೀಚ್ ಮೌಂಟನ್‌ನ ರೇ ಹಿಕ್ಸ್ ಈ ಕತೆಗಳ ಮಹಾನ್ ಕಥನಕಾರರಾಗಿದ್ದರು. ಉತ್ಸವದ ಆರಂಭದ ವರ್ಷಗಳಿಂದಲೂ ಅವರು ಜೋನ್ಸ್‌ಬರೊದಲ್ಲಿ ತಮ್ಮ ಬೆಟ್ಟದ ಹಳೆಯ ನುಡಿಯಲ್ಲಿಯೇ ಕತೆ ಹೇಳುತ್ತಿದ್ದರು. 1983ರಲ್ಲಿ ಜಾನಪದ ಕಲಾವಿದರಿಗೆ ಸಲ್ಲುವ ರಾಷ್ಟ್ರೀಯ ಗೌರವ ಅವರಿಗೆ ಸಂದಿತು. 2003ರಲ್ಲಿ ಅವರು ತೀರಿಕೊಂಡರು. ಉತ್ಸವದಲ್ಲಿ ಕತೆಗಾರರು ಪುಸ್ತಕ ಹಿಡಿದು ಓದುವುದಿಲ್ಲ, ಕೇಳುಗರ ಮುಖ ನೋಡಿಕೊಂಡೇ ಹೇಳುತ್ತಾರೆ. ತರಗತಿಯಲ್ಲಿ ತಾವು ಪ್ರಯೋಗಿಸಿ ನೋಡಬಹುದಾದ ಮೊದಲ ಪಾಠ ಇದೇ. ತಮ್ಮ ವೃತ್ತಿಯವರಿಗೆ ಆಸಕ್ತಿ ಹುಟ್ಟಿಸುವ ಇನ್ನೊಂದು ಸಂಗತಿಯೆಂದರೆ, ಜಾನ್ಸನ್ ಸಿಟಿಯ ವಿಶ್ವವಿದ್ಯಾಲಯ ಕಥನಕಲೆಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸಿದೆ.

ಕೋರ್ಟು ಕೂಡುವ ದಿನ ಸುತ್ತಲಿನ ಬೆಟ್ಟಗಳಿಂದ ಜನ ಬಂದು ಸೇರಿ, ದಾವೆ ಕೇಳಿ, ಸುದ್ದಿ ಹಂಚಿಕೊಂಡು ಹೋಗುತ್ತಿದ್ದ ಅಂಗಳದಲ್ಲಿಯೇ ಆ ಗಾಡಿ ನಿಂತದ್ದು ನನಗೆ ಸಂತೋಷ ಕೊಡುತ್ತದೆ.

ಪ್ರಶ್ನೆ: ನಾವು ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ನೆಲೆಸಿದ್ದೇವೆ. ವಯಸ್ಸಾದ ತಂದೆ-ತಾಯಿ ಬೆಂಗಳೂರಿನಿಂದ ಬರುತ್ತಿದ್ದಾರೆ. ಜೋನ್ಸ್‌ಬರೊದಲ್ಲಿ ಅವರಿಗೆ ಏನು ತೋರಿಸಬಹುದು?
– ಓದುಗರು, ಶಾರ್ಲಟ್

ಉತ್ತರ: ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಸಾರ್ವಜನಿಕ ಸಾರಿಗೆಯನ್ನು ನಂಬಿಕೊಂಡು ಹೋಗುವ ಊರಲ್ಲ. ಎಲೆಗಳು ಬಣ್ಣ ತಳೆಯುವ ಅಕ್ಟೋಬರ್ ಅತ್ಯುತ್ತಮ ಕಾಲ. ಆದರೆ ಹಿರಿಯರು ಜೊತೆಗಿರುವುದರಿಂದ ಉತ್ಸವದ ಜನಜಂಗುಳಿಯನ್ನು ತಪ್ಪಿಸಿ ಮುಂದಿನ ವಾರ ಹೋಗುವುದು ಲೇಸು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ನೊಲಿಚಕಿ ಉಕ್ಕಿ ಈ ಭಾಗದ ಸೇತುವೆಗಳು ಕೊಚ್ಚಿಹೋಗಿದ್ದವು. ಹೊರಡುವ ಮುನ್ನ ರಸ್ತೆಗಳ ಸ್ಥಿತಿಯನ್ನು ವಿಚಾರಿಸಿಕೊಳ್ಳಿ.

ನೋಡಬೇಕಾದದ್ದೆಲ್ಲ ಬಹುಪಾಲು ಒಂದೇ ಬೀದಿಯಲ್ಲಿದೆ. 1797ರಲ್ಲಿ ವೈದ್ಯ ವಿಲಿಯಂ ಚೆಸ್ಟರ್ ಕಟ್ಟಿಸಿದ ಚೆಸ್ಟರ್ ಇನ್ ಎಂಬ ಛತ್ರದಿಂದ ಆರಂಭಿಸಿ. ಕುದುರೆಗಾಡಿಗಳ ಹೆದ್ದಾರಿಯಲ್ಲಿದ್ದ ಆ ತಂಗುಮನೆಯ ಉದ್ದನೆಯ ಜಗಲಿಯಲ್ಲಿ ಜಾಕ್ಸನ್, ಪೋಕ್, ಆ್ಯಂಡ್ರೂ ಜಾನ್ಸನ್ ಈ ಮೂವರು ಅಧ್ಯಕ್ಷರೂ ಓಡಾಡಿದ್ದಾರೆ. ಒಳಗೆ ಈಗ ಊರಿನ ಇತಿಹಾಸದ ಸಂಗ್ರಹಾಲಯವಿದೆ. ಪಕ್ಕದಲ್ಲಿಯೇ 2002ರಲ್ಲಿ ತೆರೆದ ಅಂತರರಾಷ್ಟ್ರೀಯ ಕಥನ ಕೇಂದ್ರವಿದೆ. ಕತೆಯ ಋತುವಿನಲ್ಲಿ ಹೋದರೆ ಅಲ್ಲಿ ಮಧ್ಯಾಹ್ನ ಕತೆ ಕೇಳಬಹುದು. ಉತ್ಸವಕ್ಕಿಂತ ಇದು ತಮ್ಮ ತಂದೆ-ತಾಯಿಗೆ ಹೆಚ್ಚು ಹಿತವಾದೀತು. ಜಾಕ್ಸನ್ ತಂಗಿದ್ದ ಕ್ರಿಸ್ಟಫರ್ ಟೇಲರ್ ಅವರ ದಿಮ್ಮಿಮನೆಯನ್ನು ಮೂಲಸ್ಥಳದಿಂದ ಬಿಚ್ಚಿ ತಂದು ಬೀದಿಯ ಬದಿಯ ಉದ್ಯಾನದಲ್ಲಿ ನಿಲ್ಲಿಸಲಾಗಿದೆ. ‘ಸಿಸ್ಟರ್ಸ್ ರೋ’ ಎಂಬ ಇಟ್ಟಿಗೆಯ ಸಾಲುಮನೆಗಳನ್ನು 1820ರ ಸುಮಾರಿಗೆ ತಂದೆಯೊಬ್ಬರು ತಮ್ಮ ಮೂವರು ಹೆಣ್ಣುಮಕ್ಕಳಿಗೆಂದು ಕಟ್ಟಿಸಿದರಂತೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಪಕ್ಕಗೋಡೆಗಳನ್ನು ಗಮನಿಸಿ, ಅವು ಈ ಊರಿನ ಗುರುತು.

ಪ್ರವಾಸಿಗರು ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಕಟ್ಟಡವನ್ನು ತಾವು ಬಿಡಬೇಡಿ. ಬೇರ್ಪಾಡಿನ ಕಾಲದಲ್ಲಿ ಕಪ್ಪು ಮಕ್ಕಳಿಗೆಂದು ಕಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಶಾಲೆ ಈಗ ಮೆಕಿನ್ನಿ ಸೆಂಟರ್ ಎಂಬ ಕಲಾಕೇಂದ್ರವಾಗಿದೆ. ಸಮಯ ಉಳಿದರೆ ಜಾನ್ಸನ್ ಸಿಟಿಯ ಟಿಪ್ಟನ್-ಹೇನ್ಸ್ ಸ್ಮಾರಕಕ್ಕೆ ಹೋಗಿ ಬನ್ನಿ. ಫ್ರಾಂಕ್ಲಿನ್ ರಾಜ್ಯದ ಗುಂಡು ಹಾರಿದ ಹೊಲಮನೆ ಅದು; ಮುಂದೆ ಬ್ರೌನ್ಲೊ ಅವರ ಎದುರಾಳಿ ಹೇನ್ಸ್ ಅವರ ಮನೆಯೂ ಆಯಿತು.

ಕೊನೆಯದಾಗಿ, ರೈಲು ಇಂದಿಗೂ ಊರಿನ ನಡುವೆಯೇ ಹಾದುಹೋಗುತ್ತದೆ. ತಾವು ಕತೆ ಕೇಳುತ್ತಿರುವಾಗ ಸರಕುಗಾಡಿ ಬಂದರೆ ಕತೆಗಾರರು ಮಾತು ನಿಲ್ಲಿಸಿ, ಅದು ಪೂರ್ತಿ ಹೋಗುವವರೆಗೂ ಕಾದು, ಆಮೇಲೆ ಕತೆಯನ್ನು ಮುಂದುವರಿಸುತ್ತಾರೆ. ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ.